ಸಿಕ್ಕಿಗೆ ಎಣ್ಣೆ

“ಕತ್ತರಿ ಎಲ್ಲೈತ್ರಿ?” ಎಂದು ಶಂಕ್ರೆವ್ವ ಒಳಗಿನಿಂದ ಕೇಳಿದಾಗ ಕೊಟ್ರಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು, ಕಡಿದುಹೋದ ಒಂದು ಎಳೆಯ ತುದಿಯನ್ನು ಹುಡುಕುತ್ತಿದ್ದ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವಿರಲಿಲ್ಲ. ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೇಳಿದ ಹಾಗಿತ್ತು. ಅದಕ್ಕೇ ಅವನಿಗೆ ಗಾಬರಿಯಾಯಿತು. ಕತ್ತರಿ ಅವನ ತೊಡೆಯ ಪಕ್ಕದಲ್ಲೇ ಬಿದ್ದಿತ್ತು. ಅದನ್ನು ನೂಲಿನ ಚೂರುಗಳ ಕೆಳಗೆ ಸರಿಸಿ, “ಯಾಕ?” ಎಂದ.

“ಯಾಕಂದ್ರ ಕೂದಲಾ ಕೊಯ್ಯಾಕ. ಸಾಕಾಗೈತಿ ನನಗ. ಕುತಿಗಿ ತನಕಾ ಕೊಯ್ದ ಒಗೀರಿ. ಬೇಕಾದ್ರ ಮತ್ತ ಬೆಳೀತೈತಿ.”

ಲಕ್ಕುಂಡಿಯ ಒಂದು ಮದುವೆಗೆ ಹೋಗಿ ಬರುವಾಗ ಬಸ್ಸಿನ ಮೆಟ್ಟಿಲಿಂದ ಜಾರಿ ಬಿದ್ದು ಅವಳ ಬಲಗೈ ಮುರಿದು ಇವತ್ತಿಗೆ ನಾಲ್ಕು ವಾರ. ಗದಗಿನ ದವಾಖಾನೆಯಲ್ಲಿ ಮೊಣಕೈಯಿಂದ ಬೆರಳಿನ ಬುಡದವರೆಗೆ ಹಾಕಿದ ಬಿಳಿ ಪಟ್ಟಿ ಈಗ ಅಡುಗೆಮನೆಯ ಹೊಗೆಗೆ ಗೋಧಿ ಬಣ್ಣಕ್ಕೆ ತಿರುಗಿತ್ತು. ಮೊದಲ ಎರಡು ವಾರ ಜ್ವರ. ಮಲಗಿದಲ್ಲೇ ಹೊರಳಿ ಹೊರಳಿ, ಬೆವರಿ, ಒಣಗಿ, ಮತ್ತೆ ಬೆವರಿ, ಸೊಂಟದವರೆಗೆ ಬರುತ್ತಿದ್ದ ಅವಳ ಕೂದಲು ಹೆಡಕಿನ ಹಿಂದೆ ಒಂದೇ ಮುದ್ದೆಯಾಗಿತ್ತು. ಶಿರಹಟ್ಟಿಯಲ್ಲಿರುವ ಮಗಳು ಅಮೃತವ್ವ ತುಂಬಿದ ಬಸುರಿ. ಅವಳಿಗೆ ಸುದ್ದಿಯನ್ನೇ ಅರ್ಧ ಮಾತ್ರ ಹೇಳಿ ಕಳಿಸಿದ್ದರು. ಪಕ್ಕದ ಮನೆಯ ಗೌಸಬಿ ಇದ್ದಿದ್ದರೆ ಈ ಮಾತೇ ಬರುತ್ತಿರಲಿಲ್ಲ. ಆದರೆ ಆಕೆ ಮಗಳ ಬಾಣಂತನಕ್ಕೆಂದು ಮುಂಡರಗಿಗೆ ಹೋಗಿ ತಿಂಗಳ ಮೇಲಾಗಿತ್ತು. ಓಣಿಯ ಇಬ್ಬರು ಹೆಂಗಸರು ಕರುಣೆಯಿಂದ ಹಣಿಗೆ ಹಿಡಿದು ಬಂದು, ನೆತ್ತಿಯಿಂದ ಕೆಳಗೆ ಒಮ್ಮೆ ಜಗ್ಗಿದ್ದೇ ಶಂಕ್ರೆವ್ವ ಚೀರಿದ್ದಳು, ಅವರು ಹಣಿಗೆ ಇಟ್ಟು ಹೋಗಿದ್ದರು. ನಿನ್ನೆ ಎದುರುಮನೆಯ ಮುದುಕಿ ಬಸವಣ್ಣೆವ್ವ ಬಂದವಳು ಆ ಮುದ್ದೆಯನ್ನು ಬೆರಳಿನಿಂದ ಮುಟ್ಟಿ, ಮುಟ್ಟಿದ ಬೆರಳನ್ನು ಕಣ್ಣಿಗೊತ್ತಿಕೊಂಡು, “ಇದು ಬರೇ ಸಿಕ್ಕಲ್ಲವಾ. ಜಡಿ ಬಂದೈತಿ. ಅವ್ವ ಕರ್ಯಾಕತ್ತಾಳ. ಹಣಗಿ ತಾಗಿಸಬ್ಯಾಡ್ರಿ, ಭಂಡಾರ ಹಚ್ಚಿ ಹಂಗ ಬಿಡ್ರಿ,” ಎಂದಿದ್ದಳು. ಶಂಕ್ರೆವ್ವ ಮಲಗಿದಲ್ಲಿಂದಲೇ, “ದೇವಿ ಅಲ್ಲಬೇ ಇದು, ಎಣ್ಣಿ ಇಲ್ಲದ್ದು. ನಾಲ್ಕ ವಾರ ಎಣ್ಣಿ ಕಾಣದಿದ್ರ ನಿನ್ನ ತಲ್ಯಾಗೂ ಬರತಾಳ ಆಕಿ,” ಎಂದುಬಿಟ್ಟಿದ್ದಳು. ಕೊಟ್ರಪ್ಪನಿಗೆ ನಗು ಬಂದಿತ್ತು. ಮುದುಕಿ ಎದ್ದುಹೋದ ಮೇಲೆ ಮಾತ್ರ ಆ ನಗುವಿನ ಕೆಳಗೆ ಏನೋ ತಣ್ಣಗೆ ಹರಿದಾಡಿತ್ತು. ಜಡೆ ಬಂತೆಂದು ಒಮ್ಮೆ ಓಣಿಯಲ್ಲಿ ಮಾತು ಹುಟ್ಟಿದರೆ ನಾಳೆ ಯಾರಾದರೂ ಬಾಗಿಲಿಗೆ ಬಂದು ಅವಳ ಕಾಲಿಗೆ ಬೀಳುತ್ತಾರೆ. ಆಮೇಲೆ ಅವಳು ಅವನ ಹೆಂಡತಿಯಾಗಿ ಉಳಿಯುವುದಿಲ್ಲ, ಇನ್ನೇನೋ ಆಗುತ್ತಾಳೆ. ಕೊಯ್ದರೆ ದೇವಿಯ ಜಡೆ ಕೊಯ್ದರು ಎನ್ನುತ್ತಾರೆ. ಕೊಯ್ಯದಿದ್ದರೆ ಅವಳಿಗೆ ಈ ಭಾರ.

“ನಾ ಬಿಡಸತೀನಿ,” ಎಂದ ಕೊಟ್ರಪ್ಪ. ತಾನೇ ಆಡಿದ ಮಾತು ಬೇರೆ ಯಾರದೋ ಬಾಯಿಂದ ಬಂದಂತೆ ಕೇಳಿಸಿತು.

“ನೀವು?” ಎಂದಳು ಶಂಕ್ರೆವ್ವ ಒಳಗಿನಿಂದ.

“ಯಾಕ, ದಿನಾ ಮೂರ ಸಾವಿರ ಎಳಿ ನೋಡಕೋತೀನಿ. ಒಂದ ತಲಿ ಆಗೂದಿಲ್ಲೇನು?”

“ನೂಲಿಗೆ ನೋವಾಗೂದಿಲ್ರಿ,” ಎಂದಳು ಶಂಕ್ರೆವ್ವ.

ಎಣ್ಣೆಯಿಲ್ಲದೆ ಏನೂ ಸಾಧ್ಯವಿಲ್ಲ ಎಂದು ಅವಳೇ ಹೇಳಿದಳು. ಗೌಸಬಿ ಕಾಯಿಸಿಟ್ಟು ಹೋಗಿದ್ದ ಬಾಟಲಿ ಕೈ ಮುರಿಯುವ ಮೊದಲೇ ಖಾಲಿಯಾಗಿತ್ತು. ಆದರೆ ಅಡರಕಟ್ಟಿಯಿಂದ ಶಂಕ್ರೆವ್ವನ ಅಣ್ಣ ಯುಗಾದಿಗೆ ತಂದುಕೊಟ್ಟಿದ್ದ ಔಡಲ ಎಣ್ಣೆ ಗೋಡೆಯ ಮಾಡದಲ್ಲಿ ಹಾಗೇ ಇತ್ತು. ಹೊಲದ ಬದುವಿನ ಔಡಲದ ಬೀಜ ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ್ದನ್ನು ಸೌಟಿನಿಂದ ತೆಗೆದದ್ದು. ಜೇನಿನಷ್ಟು ದಪ್ಪ, ಬಣ್ಣವೂ ಅದೇ. ಅದೊಂದನ್ನೇ ಹಚ್ಚಿದರೆ ಸಿಕ್ಕು ಇನ್ನಷ್ಟು ಅಂಟುತ್ತದೆ, ಒಂದು ಪಾಲಿಗೆ ಮೂರು ಪಾಲು ಕೊಬ್ಬರಿ ಎಣ್ಣೆ ಬೇಕು, ಗರಗದ ಸೊಪ್ಪು ಬೇಕು, ಕರಿಬೇವು, ಒಂದು ಚಿಟಿಕೆ ಮೆಂತ್ಯ. ಅವಳು ಹೇಳುತ್ತ ಹೋದಳು. ಅವನು ಬೆರಳು ಮಡಚುತ್ತ ಕೇಳಿದ. ಗೌಸಬಿಯ ಹಿತ್ತಲಲ್ಲಿ ಪ್ರತಿ ಶನಿವಾರ ಏನು ನಡೆಯುತ್ತಿತ್ತು ಎಂಬುದು ಅವನಿಗೆ ಗೊತ್ತಿದ್ದದ್ದು ಒಂದು ವಾಸನೆಯಾಗಿ ಮಾತ್ರ. ಗೋಡೆ ದಾಟಿ ಬರುವ ಒಂದು ಕಮಟು. ಶಂಕ್ರೆವ್ವ ಅಲ್ಲಿಂದ ತಲೆ ತೊಳೆದು, ತುರುಬು ಬಿಗಿದುಕೊಂಡು, ಏನೂ ಆಗಿಲ್ಲವೆಂಬಂತೆ ವಾಪಸು ಬರುತ್ತಿದ್ದಳು. ಯಾಕೆಂದರೆ ಎಂದೋ ಒಮ್ಮೆ, ಮದುವೆಯಾದ ಹೊಸದರಲ್ಲಿ, ಆ ವಾಸನೆಗೆ ನನಗೆ ತಲೆ ನೋಯುತ್ತದೆ ಎಂದು ಅವನು ಹೇಳಿದ್ದ. ಒಮ್ಮೆಯೇ ಹೇಳಿದ್ದು. ಅವನ ತಲೆ ಎಂದೂ ನೋಯುತ್ತಿರಲಿಲ್ಲ.

ಕೊಬ್ಬರಿ ಎಣ್ಣೆಗೆಂದು ಪೇಟೆಗೆ ಹೋದಾಗ ಅಂಗಡಿಯ ಕಟ್ಟೆಯ ಮೇಲೆ ಮುದಕಪ್ಪ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದ. ಅವನೂ ನೇಕಾರನೇ, ಅದೇ ಓಣಿಯ ಕಡೆಯ ಮನೆಯವನು. ಬಾಯಿ ತೆರೆದರೆ ಯಾರನ್ನಾದರೂ ಕೆಣಕದೆ ಮುಚ್ಚುವವನಲ್ಲ. ಅಂಗಡಿಯವ ಡಬ್ಬಿಯಿಂದ ಎಣ್ಣೆ ಅಳೆಯುವಾಗ ಮುದಕಪ್ಪನ ಕಣ್ಣು ಕೊಟ್ರಪ್ಪನ ಬೋಳುತಲೆಯ ಮೇಲೆ ನಿಧಾನಕ್ಕೆ ಒಂದು ಸುತ್ತು ತಿರುಗಿ ಬಂತು. “ಏನಲೇ ಕೊಟ್ರಪ್ಪಾ, ಬೆಳಿ ಹೋದ ಹೊಲಕ್ಕ ಈಗ ನೀರ ಹಾಸಾಕ ಹೊಂಟಿಯೇನು?” ಅಲ್ಲಿದ್ದ ನಾಲ್ಕು ಜನ ನಕ್ಕರು. ಕೊಟ್ರಪ್ಪನೂ ನಕ್ಕ, ನಗದಿದ್ದರೆ ಮಾತು ಬೆಳೆಯುತ್ತದೆಂದು. ಹೆಂಡತಿಯ ತಲೆಗೆ ಎಂಬ ಎರಡು ಶಬ್ದ ನಾಲಿಗೆಯ ತುದಿಗೆ ಬಂದು, ಅಲ್ಲಿಂದ ಹೊರಳಿ, “ದೇವರ ದೀಪಕ್ಕ” ಎಂದಾದವು. ಮನೆ ಕಡೆ ನಡೆಯುವಾಗ ಆ ಸುಳ್ಳು ಅವನನ್ನು ಚುಚ್ಚಿತು. ಸುಳ್ಳು ಹೇಳಿದ್ದಕ್ಕಲ್ಲ, ಅಷ್ಟು ಸಲೀಸಾಗಿ ಹೇಳಿದ್ದಕ್ಕೆ. ನಾಲ್ಕು ಜನ ನೋಡುತ್ತಿದ್ದಾರೆ ಎಂದರೆ ಸಾಕು, ತನ್ನೊಳಗಿನ ಮನುಷ್ಯ ಹಿಂದೆ ಸರಿದು ಬೇರೆ ಯಾವನೋ ಮುಂದೆ ಬಂದು ನಿಲ್ಲುತ್ತಾನೆ. ಆ ಇನ್ನೊಬ್ಬ ಯಾವಾಗಲೂ ಹಾಗೇ. ಅವನನ್ನು ಕೊಟ್ರಪ್ಪ ಬಹಳ ವರ್ಷಗಳಿಂದ ಬಲ್ಲ.

ಗರಗ ಕೆರೆಯ ಕೆಳಗಿನ ಕಾಲುವೆಯ ಕೆಸರಿನಲ್ಲಿ ಸಿಕ್ಕಿತು. ಸಣ್ಣ ಬಿಳಿ ಹೂವಿನ ಗಿಡ. ದಿನವೂ ತುಳಿದುಕೊಂಡು ಓಡಾಡಿದ ದಾರಿಯಲ್ಲೇ ಇತ್ತು, ಅದಕ್ಕೊಂದು ಹೆಸರಿದೆ ಎಂದು ಮಾತ್ರ ಅವನಿಗೆ ಇಂದಿನವರೆಗೆ ಅನಿಸಿರಲಿಲ್ಲ. ಕಿತ್ತು ಕಿತ್ತು ಅದರ ರಸಕ್ಕೆ ಬೆರಳ ತುದಿಗಳು ಕಪ್ಪಾದವು. ಮನೆಗೆ ಬಂದು ಒರಳಲ್ಲಿ ಅರೆದು, ಕಬ್ಬಿಣದ ಬಾಣಲೆಯಲ್ಲಿ ಎರಡೂ ಎಣ್ಣೆ ಸುರಿದು, ರಸ ಹಾಕಿದ್ದೇ ಎಣ್ಣೆ ಸಿಡಿದು ಅವನ ಮುಂಗೈಗೆ ತಾಗಿತು. ಅಡುಗೆಮನೆಯ ಹೊಸ್ತಿಲಲ್ಲಿ ಪಟ್ಟಿ ಕಟ್ಟಿದ ಕೈಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದ ಶಂಕ್ರೆವ್ವ, “ಬೆಂಕಿ ಸಣ್ಣ ಮಾಡ್ರಿ. ಗಡಿಬಿಡಿ ಮಾಡಿದ್ರ ಸುಡತೈತಿ,” ಎಂದಳು. ಅವನು ಕಟ್ಟಿಗೆ ಹಿಂದಕ್ಕೆ ಎಳೆದ. “ಈಗ ಚಟಪಟ ಅಂತೈತಲ್ಲ, ಅದು ನೀರು. ನೀರು ಹೋತಂದ್ರ ಸುಮ್ಮನಾಗತೈತಿ. ಆವಾಗ ಇಳಸ್ರಿ. ಅದಕ್ಕೂ ಮೊದಲ ಇಳಿಸಿದ್ರ ನಾಕ ದಿನಕ್ಕ ಬೂಸಲಾ ಹಿಡೀತೈತಿ.” ಅವನು ಬಾಣಲೆಯ ಮೇಲೆ ಬಾಗಿ ಸದ್ದು ಆಲಿಸುತ್ತ ಕೂತ. ಹೀಗೆ ಅವಳು ತನಗೆ ಏನನ್ನಾದರೂ ಕಲಿಸಿದ್ದು ಎಂದು? ನೆನಪಾಗಲಿಲ್ಲ. ಇಪ್ಪತ್ತನಾಲ್ಕು ವರ್ಷ ಅವನು ಹೇಳಿದ್ದನ್ನು ಅವಳು ಮಾಡಿದ್ದಳು. ಅವಳ ಬಳಿ ಇಷ್ಟು ನಿಖರವಾದ ವಿದ್ಯೆ ಇದೆ, ಅದನ್ನು ಹೇಳುವಾಗ ಅವಳ ದನಿ ಇಷ್ಟು ನಿಶ್ಚಿಂತೆಯಿಂದ ಇರುತ್ತದೆ ಎಂಬುದು ಹೊಸದಾಗಿತ್ತು. ಚಟಪಟ ಕಡಿಮೆಯಾಗುತ್ತ ಬಂತು. ಕರಿಬೇವಿನ ಎಲೆ ಗರಿಗರಿಯಾಗಿ ಕಪ್ಪಾಯಿತು. ಎಣ್ಣೆ ಸುಮ್ಮನಾಯಿತು. ಅವನಿಗೆ ತಾನೇ ಏನೋ ಗೆದ್ದಂತೆ ಸಂತೋಷವಾಗಿ ತಿರುಗಿ ನೋಡಿದರೆ ಅವಳೂ ನಗುತ್ತಿದ್ದಳು.

ಎಣ್ಣೆ ಬೆಚ್ಚಗಿರುವಾಗಲೇ ಹಚ್ಚಬೇಕು. ಕೊಟ್ರಪ್ಪ ಮಗ್ಗದ ಕೋಣೆಯಲ್ಲಿ ಚಾಪೆ ಹಾಸಿ, ಬೀದಿ ಬಾಗಿಲು ಮುಂದೆ ಮಾಡಿ ಚಿಲಕ ಹಾಕಿದ. “ಯಾರರ ಬಂದಾರು,” ಎಂದ. ಶಂಕ್ರೆವ್ವ ಚಿಲಕದ ಕಡೆ ಒಮ್ಮೆ ನೋಡಿ, ಬೆನ್ನು ಮಾಡಿ ಕೂತಳು. ಬೆಳಕಿಂಡಿಯಿಂದ ಬಿದ್ದ ಒಂದು ತುಂಡು ಬೆಳಕು ಅವಳ ಭುಜದವರೆಗೆ ಬಂದು ನಿಂತಿತ್ತು. ಅವನು ಅಂಗೈಗೆ ಎಣ್ಣೆ ಸುರಿದುಕೊಂಡು, ಎಲ್ಲಿಂದ ಶುರು ಮಾಡಬೇಕೆಂದು ಸ್ವಲ್ಪ ಹೊತ್ತು ಯೋಚಿಸಿದ. ನೆತ್ತಿಯಿಂದ ಜಗ್ಗುವುದು ತಪ್ಪು. ನೂಲಿನ ಲಡಿಯ ಸಿಕ್ಕು ಬಿಡಿಸುವಾಗ ಯಾವ ನೇಕಾರನೂ ಹಾಗೆ ಮಾಡುವುದಿಲ್ಲ. ತುದಿಯಿಂದ ಹಿಡಿದು, ಬುಡಕ್ಕೆ ಎಳೆತ ತಾಗದಂತೆ ಎಡಗೈಯಲ್ಲಿ ಬಿಗಿಯಾಗಿ ಅದುಮಿ, ಬಲಗೈಯ ಎರಡು ಬೆರಳಿನಿಂದ ಎಣ್ಣೆಯನ್ನು ಮುದ್ದೆಯೊಳಕ್ಕೆ ಒತ್ತುತ್ತ ಹೋದ. ಕೂದಲು ಒಣಗಿದ ಸೆಣಬಿನ ಹಾಗಿತ್ತು, ಮೊದಲು ಎಣ್ಣೆಯನ್ನು ಕುಡಿದದ್ದೇ ಕುಡಿದದ್ದು. ಆಮೇಲೆ ಒಂದೆರಡು ಎಳೆ ಸಡಿಲಾಗಿ ಜಾರಿದವು. ಅವಳು ಚೀರಲಿಲ್ಲ. ಉಸಿರು ಹಿಡಿದು ಕೂತಿದ್ದವಳು ಮೆಲ್ಲಗೆ ಉಸಿರು ಬಿಟ್ಟಳು. ಅವಳ ಹೆಡಕಿನ ಎಡಬದಿಗೆ ಒಂದು ಮಚ್ಚೆ ಇತ್ತು. ಅದನ್ನು ಅವನು ಇಂದೇ ಕಂಡದ್ದು. ಬೆರಳ ಬಿರುಕುಗಳಲ್ಲಿ ಎಣ್ಣೆ ಇಳಿಯಿತು, ಬೆಚ್ಚಗೆ, ಮತ್ತು ಆ ವಾಸನೆ, ಔಡಲದ ಆ ಹಸಿ ಕಮಟು, ಮೂಗಿಗಲ್ಲ ಎದೆಗೇ ಬಂದು ತಾಗಿತು. ಇಪ್ಪತ್ತೆರಡು ವರ್ಷದ ಹಿಂದೆ, ನೂಲು ಕೊಟ್ಟು ನೇಯಿಸುವ ಸಾಹುಕಾರ ಅವನು ನೇಯ್ದ ಸೀರೆಯನ್ನು ಪೂರ್ತಿ ಬಿಚ್ಚಿ, ಸೆರಗಿನಲ್ಲಿ ತಪ್ಪಿದ ಹೊಕ್ಕಿನ ಎಳೆಯನ್ನು ಉಗುರಿನಿಂದ ತೋರಿಸಿ, ಹತ್ತು ಜನ ನೇಕಾರರ ಮುಂದೆ, “ಇದನ್ನ ಒಯ್ದು ನಿನ್ನ ಹೇಣ್ತಿಗೆ ಉಡಸು,” ಎಂದಿದ್ದ. ಬಿಚ್ಚಿದ ಸೀರೆಯನ್ನು ಸರಿಯಾಗಿ ಮಡಿಸಲೂ ಬಾರದೆ ಕಂಕುಳಲ್ಲಿ ತುರುಕಿಕೊಂಡು ಅವನು ಓಣಿಗೆ ತಿರುಗಿದಾಗ ನಳದ ಹತ್ತಿರ ಹೆಂಗಸರ ನಡುವೆ ಶಂಕ್ರೆವ್ವ ನಗುತ್ತಿದ್ದಳು. ಮದುವೆಯಾಗಿ ಎರಡನೆಯ ವರ್ಷ. ಯಾವುದಕ್ಕೆ ನಗುತ್ತಿದ್ದಳೋ ಅವನಿಗೆ ಇಂದಿಗೂ ತಿಳಿದಿಲ್ಲ. ಆ ನಗು ತನ್ನ ಕಂಕುಳಿನ ಸೀರೆಯನ್ನು ಕಂಡೇ ಬಂದದ್ದು ಎಂದು ಆ ಗಳಿಗೆಯಲ್ಲಿ ಅವನಿಗೆ ಸೂರ್ಯನಷ್ಟು ನಿಚ್ಚಳವಾಗಿತ್ತು. ಅವಳ ಬೆನ್ನ ಮೇಲೆ ಇಳಿದಿದ್ದ ಜಡೆಯನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡ. ನಳದಿಂದ ಮನೆಯ ಹೊಸ್ತಿಲಿಗೆ ಹನ್ನೊಂದು ಹೆಜ್ಜೆ. ಕೊಡ ಉರುಳಿದ ಸದ್ದು. ಆಗಿನ್ನೂ ಎಳೆಯ ಕೂಸನ್ನು ಸೊಂಟದಲ್ಲಿಟ್ಟುಕೊಂಡಿದ್ದ ಗೌಸಬಿ, “ಬಿಡ್ರಿ ಅಣ್ಣಾ, ಬಿಡ್ರಿ,” ಎಂದು ಹಿಂದೆ ಓಡಿಬಂದದ್ದು. ಬಾಗಿಲಲ್ಲಿ ನಿಂತಿದ್ದ ಅವನ ಅವ್ವ, ಹೊರೆ ಹೊತ್ತು ಬರುವವನಿಗೆ ದಾರಿ ಬಿಡುವ ಹಾಗೆ ಪಕ್ಕಕ್ಕೆ ಸರಿದದ್ದು. ಆಮೇಲೆ ಅವನು ಊಟ ಮಾಡಿದ. ರೊಟ್ಟಿ ಬಿಸಿಯಾಗಿತ್ತು. ಮಗ್ಗಕ್ಕೆ ಕೂತಾಗ ಬೆರಳುಗಳ ಸಂದಿಯಲ್ಲಿ ಮೂರು ಉದ್ದನೆಯ ಕೂದಲು ಅಂಟಿಕೊಂಡಿದ್ದವು, ಮತ್ತು ಅಂಗೈಯಲ್ಲಿ ಈ ವಾಸನೆ. ಮಗ್ಗದ ಬಿಳಿ ಹಾಸುನೂಲಿನ ಮೇಲೆ ಅವನ ಬೆರಳು ತಾಗಿದಲ್ಲೆಲ್ಲ ಎಣ್ಣೆಯ ಕಲೆ ಬಿತ್ತು. ಕೈಗೆ ಬೂದಿ ಹಚ್ಚಿ ತಿಕ್ಕಿದ. ಮಣ್ಣು ಹಚ್ಚಿ ತಿಕ್ಕಿದ. ಎರಡು ದಿನ ವಾಸನೆ ಹೋಗಲಿಲ್ಲ.

“ಯಾಕ ನಿಂತ್ರಿ?” ಎಂದಳು ಶಂಕ್ರೆವ್ವ.

ಅವನ ಕೈ ನಿಂತಿತ್ತು. ಅವಳ ಕೂದಲು ಅವನ ಎಡಗೈಗೆ ಒಂದು ಸುತ್ತು ಸುತ್ತಿಕೊಂಡಿತ್ತು. ಅವನು ಗಾಬರಿಯಿಂದ ಅದನ್ನು ಬಿಡಿಸಿಕೊಂಡ.

“ಶಂಕ್ರೀ,” ಎಂದ. “ಆವತ್ತ ನಳದ ಹತ್ರ… ನಿನಗ ನೆನಪೈತೇನು?”

ಯಾವತ್ತು ಎಂದು ಅವಳು ಕೇಳಲಿಲ್ಲ. “ಐತಿ,” ಎಂದಳು.

ಓಣಿಯಲ್ಲಿ ಯಾರದೋ ಸೈಕಲ್ಲು ಗಂಟೆ ಬಾರಿಸಿಕೊಂಡು ಹೋಯಿತು. ಮರೆತಿದ್ದೇನೆ ಎನ್ನುತ್ತಾಳೆಂದು ಅವನು ಆಶೆಪಟ್ಟಿದ್ದನೋ, ಅಥವಾ ಅದೆಲ್ಲ ಇರಲಿ ಬಿಡ್ರಿ ಎನ್ನುತ್ತಾಳೆಂದೋ. ಅವಳು ಎರಡನ್ನೂ ಅನ್ನಲಿಲ್ಲ.

“ನಿಮಗ ನೆನಪಿಲ್ಲಂತ ತಿಳಕೊಂಡಿದ್ದೆ,” ಎಂದಳು, ಎದುರಿನ ಗೋಡೆಗೆ ಹೇಳುವಂತೆ. “ಮರದಿನ ಎದ್ದು ಚಾ ಕುಡದು, ಲಾಳಿಗೆ ನೂಲಿನ ಕಂಡಿಕಿ ಸುತ್ತಿಯೇನು ಅಂದ್ರಿ. ನಾ ಸುತ್ತಿಕೊಟ್ಟೆ. ಇವರು ಜಗ್ಗಿದ್ರು, ಮರತ್ರು. ಅಷ್ಟ ಐತಿ ಅದು ಇವರಿಗೆ ಅಂತ ತಿಳಕೊಂಡೆ. ಜಗ್ಗಿದ ನೋವು ನಾಕ ದಿನಕ್ಕ ಹೋತ್ರಿ. ಇದು ಹೋಗಲಿಲ್ಲ.”

“ಮರತಿಲ್ಲ,” ಎಂದ ಕೊಟ್ರಪ್ಪ. “ಈ ವಾಸನಿ ಬಂದ್ರ ಸಾಕು, ಅದ ಬಂದ ಮುಂದ ನಿಂದರತಿತ್ತು. ಅದಕ್ಕ ತಲಿ ನೋಯತೈತಿ ಅಂತಂದೆ. ತಲಿ ನೋಯತಿದ್ದಿಲ್ಲ.”

ಶಂಕ್ರೆವ್ವ ನಿಧಾನವಾಗಿ ತಿರುಗಿದಳು. ಎಣ್ಣೆ ಅವಳ ಕಿವಿಯ ಹಿಂದಿನಿಂದ ಇಳಿದು ಕತ್ತಿಗೆ ಬರುತ್ತಿತ್ತು. “ಹಂಗಾರ ಅದು ಸುಳ್ಳಾ?” ಎಂದಳು. “ನಿಮ್ಮ ತಲಿ ನೋಯತೈತಂತ ನಾ ಇಪ್ಪತ್ತೆರಡ ವರ್ಷ ಮಂದಿ ಹಿತ್ತಲದಾಗ ಕುಂತು ಎಣ್ಣಿ ಹಚ್ಚಿಕೊಂಡೀನಿ. ಮಳ್ಯಾಗ ತೊಯ್ಸಿಕೊಂಡೀನಿ. ಬಾಣಂತಿ ಇದ್ದಾಗ ಸುದ್ದಾ ಗ್ವಾಡಿ ಆಚಿ ಕಡೆ ಹೋಗಿ ಕುಂತೀನಿ.” ಅವಳ ಕಣ್ಣಲ್ಲಿ ಈಗ ನಿಜವಾದ ಸಿಟ್ಟಿತ್ತು. ಒಂದು ತಪ್ಪನ್ನು ಹೊರಗೆ ತೆಗೆಯಲು ಹೋಗಿ ಅದರ ಬುಡದಲ್ಲಿದ್ದ ಇನ್ನೊಂದನ್ನು ಕಿತ್ತಂತಾಗಿ ಕೊಟ್ರಪ್ಪ ತಬ್ಬಿಬ್ಬಾದ. ಇಷ್ಟು ವರ್ಷ ತಾನು ಒಬ್ಬನೇ ಏನನ್ನೋ ಹೊತ್ತಿದ್ದೇನೆ ಎಂದುಕೊಂಡಿದ್ದ, ಹೊತ್ತವಳು ಅವಳು. ಬಿಂದಿಗೆ ನೀರು, ಟವೆಲು, ಸೀಗೆಪುಡಿ ಎಲ್ಲ ಹೊತ್ತುಕೊಂಡು ಗೋಡೆಯ ಆಚೆಗೆ.

ಏನಾದರೂ ಹೇಳಬೇಕೆಂದು, “ಆವತ್ತಿಂದ ನೀ ಜಡಿ ಬಿಡೂದ ಬಿಟ್ಟಿ. ತುರುಬ ಕಟ್ಟಿದಾಗೆಲ್ಲಾ ನಾ ನೋಡತಿದ್ದೆ,” ಎಂದ.

“ಅದಕ್ಕಲ್ರಿ!” ಎಂದಳು ಶಂಕ್ರೆವ್ವ, ಸಿಟ್ಟಿನ ನಡುವೆಯೇ ಅವಳಿಗೆ ಆಶ್ಚರ್ಯವಾದಂತಿತ್ತು. “ಕಂಡಿಕಿ ಸುತ್ತುವಾಗ ಜಡಿ ರಾಟಿಗೆ ಸಿಗತಿತ್ತು. ಅದಕ್ಕ ಕಟ್ಟಿದೆ.”

ಆ ತುರುಬನ್ನು ಕೊಟ್ರಪ್ಪ ಇಪ್ಪತ್ತೆರಡು ವರ್ಷ ದಿನವೂ ಓದಿದ್ದ. ಅದರಲ್ಲಿ ಏನೂ ಬರೆದಿರಲಿಲ್ಲ. ತನ್ನದೆಂದು ಜೋಪಾನ ಮಾಡಿದ್ದ ಒಂದು ಶಿಕ್ಷೆಯನ್ನು ಯಾರೋ ಕಿತ್ತುಕೊಂಡ ಹಾಗೆ ಅವನಿಗೆ ಬರಿದೆನಿಸಿತು. ಆ ಬರಿದಿನಲ್ಲಿ, ಅಲಂಕಾರವಿಲ್ಲದೆ, “ತಪ್ಪಾತು,” ಎಂಬ ಮಾತು ಬಂತು. “ಜಗ್ಗಿದ್ದೂ ತಪ್ಪು. ಸುಳ್ಳ ಹೇಳಿದ್ದೂ ತಪ್ಪು.”

ಅವಳು ಮತ್ತೆ ಬೆನ್ನು ತಿರುಗಿಸಿ ಕೂತಳು. ಅವನು ಎಣ್ಣೆಗೆ ಕೈ ಹಾಕಬೇಕೋ ಬೇಡವೋ ತಿಳಿಯದೆ ಬಟ್ಟಲು ಹಿಡಿದುಕೊಂಡಿದ್ದ. ಗೋಡೆಯ ಕಡೆಗೇ ಮುಖ ಮಾಡಿ ಶಂಕ್ರೆವ್ವ ಹೇಳಿದಳು: “ಆವತ್ತ ಓಣ್ಯಾಗ ಜಗ್ಗಿದ್ರಿ. ಎಲ್ಲಾರೂ ನೋಡಿದ್ರು. ಇವತ್ತ ಚಿಲಕಾ ಹಾಕ್ಕೊಂಡು ತಪ್ಪಾತು ಅನ್ನಾಕತ್ತೀರಿ.”

ಚಿಲಕ ಹಿತ್ತಾಳೆಯದು, ಹಳೆಯದು. ಕೊಟ್ರಪ್ಪ ಅದನ್ನೇ ನೋಡುತ್ತ ಕೂತ. ಹೊರಗೆ ಹೋದರೆ ಏನಾಗುತ್ತದೆ ಎಂಬುದು ಅವನಿಗೆ ಒಂದೊಂದೂ ಗೊತ್ತಿತ್ತು. ಮೊದಲು ಎದುರುಮನೆಯ ಮುದುಕಿ ನೋಡುತ್ತಾಳೆ. ಆಮೇಲೆ ನಳಕ್ಕೆ ಬಂದವರು. ಸಂಜೆಯೊಳಗೆ ಬೆಟಗೇರಿಯ ಇಡೀ ನೇಕಾರ ಓಣಿಯಲ್ಲಿ ಕೊಟ್ರಪ್ಪ ಕಟ್ಟೆಯ ಮೇಲೆ ಕೂತು ಹೆಂಡತಿಯ ತಲೆ ಬಾಚುತ್ತಾನೆ ಎಂದಾಗುತ್ತದೆ. ಮುದಕಪ್ಪ ಅದನ್ನು ವರ್ಷವಿಡೀ ಅಗಿಯುತ್ತಾನೆ. ಅವನಿಗೆ ಸಂಕಟವಾಯಿತು, ಅಂದು ಸೀರೆಯನ್ನು ಕಂಕುಳಲ್ಲಿ ತುರುಕಿಕೊಂಡಾಗ ಆದದ್ದೇ ಸಂಕಟ. ಅದೇ ಎಂದು ಗುರುತು ಸಿಕ್ಕಿದ್ದೇ ಅವನಿಗೆ ನಾಚಿಕೆಯಾಯಿತು. ಅಂದು ಆ ಸಂಕಟವನ್ನು ತಾಳಲಾರದೆ ಅದನ್ನು ಹೊತ್ತೊಯ್ದು ಅವಳ ಮೇಲೆ ಹಾಕಿದ್ದ. ಇಂದು ತಾಳಿಕೊಂಡರೆ ಆಯಿತು, ಅಷ್ಟೇ. ದೊಡ್ಡ ಕೆಲಸವೇನಲ್ಲ. “ಇಲ್ಲಿ ಬೆಳಕೂ ಸಾಲವಲ್ದು,” ಎಂದು ತನಗೇ ಹೇಳಿಕೊಂಡು ಎದ್ದ. ಚಿಲಕ ತೆಗೆದ. ಚಾಪೆಯನ್ನು ಕಟ್ಟೆಯ ಮೇಲೆ ಹಾಸಿ, ಬಟ್ಟಲು ಹೊರಗಿಟ್ಟು, ಹಿಂದಿರುಗಿ ಅವಳ ಎಡಗೈ ಹಿಡಿದು ಎಬ್ಬಿಸಿದ.

ಹೊರಗೆ ಹತ್ತು ಗಂಟೆಯ ಬಿಸಿಲು. ಆ ಬೆಳಕಿನಲ್ಲಿ ಸಿಕ್ಕು ತನ್ನ ಒಳಗನ್ನೆಲ್ಲ ತೋರಿಸಿಕೊಂಡಿತು. ಯಾವ ಎಳೆ ಯಾವುದರ ಮೇಲೆ ಹೋಗಿದೆ, ಎಲ್ಲಿ ಬರೇ ಅಂಟು, ಎಲ್ಲಿ ನಿಜವಾದ ಗಂಟು, ಎಲ್ಲ ಕಣ್ಣಿಗೆ ಬಿತ್ತು. ಅವನು ಕಾಲು ಇಳಿಬಿಟ್ಟು ಕೂತ. ಅವಳು ಒಂದು ಮೆಟ್ಟಿಲು ಕೆಳಗೆ, ಅವನ ಮೊಣಕಾಲುಗಳ ನಡುವೆ. ನಳದಲ್ಲಿದ್ದ ಇಬ್ಬರು ಸೊಸೆಯಂದಿರು ಮಾತು ನಿಲ್ಲಿಸಿದರು. ಕೊಡ ತುಂಬಿ ಹರಿಯಿತು. ಒಬ್ಬಳು ಸೆರಗು ಬಾಯಿಗಿಟ್ಟುಕೊಂಡಳು. ಕೊಟ್ರಪ್ಪನ ಕಿವಿ ಕಾದವು, ಬೋಳುತಲೆಯ ಮೇಲೆ ಬೆವರು ಮೂಡಿತು. ಅವನು ತಲೆ ಎತ್ತಲಿಲ್ಲ. ಒಂದು ಎಳೆ, ಅದರ ಕೆಳಗೆ ಇನ್ನೊಂದು. ಎಣ್ಣೆ. ಮತ್ತೆ ಒಂದು ಎಳೆ.

ಮುದಕಪ್ಪ ಪೇಟೆಯಿಂದ ವಾಪಸು ಬರುತ್ತಿದ್ದವನು ಮನೆಯ ಮುಂದೆ ಗಕ್ಕನೆ ನಿಂತ. ಬಾಯಿಯಲ್ಲಿದ್ದ ಎಲೆ ಅಡಿಕೆಯನ್ನು ಚರಂಡಿಗೆ ಉಗುಳಿ ಸಿದ್ಧನಾದ. “ಏನಲೇ, ದೇವರ ದೀಪಾ ಇಲ್ಲೆ ಹಚ್ಚಾಕತ್ತೀ ಏನು?”

“ಸುಳ್ಳ ಹೇಳಿದ್ದೆ,” ಎಂದ ಕೊಟ್ರಪ್ಪ, ಬೆರಳು ನಿಲ್ಲಿಸದೆ. “ಇಕಿ ತಲಿಗೇ ಒಯ್ದದ್ದು ಅದು.”

ಮುದಕಪ್ಪನಿಗೆ ಇನ್ನು ಕೆಣಕಲು ಏನೂ ಉಳಿದಿರಲಿಲ್ಲ; ತೆರೆದ ಬಾಗಿಲನ್ನು ತಳ್ಳಿದವನ ಹಾಗೆ ಒಂದು ಹೆಜ್ಜೆ ಮುಂದೆ ಬಂದು ನಿಂತ. ಆಮೇಲೆ ಬಗ್ಗಿ ಬಟ್ಟಲೊಳಗೆ ನೋಡಿದ. “ಔಡಲದ್ದೇನು? ನಮ್ಮಾಕಿಗೂ ಉದುರಾಕತ್ತಾವ. ಉಳದ್ರ ಒಂದೀಟ ಇಡು,” ಎಂದು ಹೇಳಿ ಹೋದ. ಶಂಕ್ರೆವ್ವನ ಬೆನ್ನು ಸಣ್ಣಗೆ ಅಲುಗಿತು. ನಗುತ್ತಿದ್ದಾಳೆಂದು ಅವನಿಗೆ ಬೆರಳುಗಳ ಮೂಲಕ ತಿಳಿಯಿತು.

ಬಸವಣ್ಣೆವ್ವ ತನ್ನ ಬಾಗಿಲಲ್ಲಿ ಬಹಳ ಹೊತ್ತು ನಿಂತು ನೋಡಿ, ಕೋಲೂರಿಕೊಂಡು ರಸ್ತೆ ದಾಟಿ ಬಂದಳು. ಬೈಯುತ್ತಾಳೆಂದು ಕೊಟ್ರಪ್ಪ ಮೈ ಬಿಗಿಹಿಡಿದ. ಮುದುಕಿ ಬಗ್ಗಿ, ಬಿಡಿಸಿ ಪಕ್ಕಕ್ಕೆ ಹಾಕಿದ್ದ ಮೊಳದುದ್ದದ ಕೂದಲನ್ನು ಕೈಯಲ್ಲಿ ಹಿಡಿದು ಬಿಸಿಲಿಗೆ ತಿರುಗಿಸಿ ನೋಡಿದಳು. “ಬಿಚ್ಚಾಕತ್ತೈತಲ್ಲವಾ,” ಎಂದಳು, ಸ್ವಲ್ಪ ನಿರಾಶೆಯಿಂದ, ಸ್ವಲ್ಪ ಸಮಾಧಾನದಿಂದ. “ಹಂಗಾರ ಆಕಿ ಅಲ್ಲ.” ಅಲ್ಲೇ ಕಟ್ಟೆಯ ಅಂಚಿಗೆ ಕೂತು, ಅವನು ತಪ್ಪಿದಾಗೆಲ್ಲ, “ಕೆಳಗಿಂದ, ಕೆಳಗಿಂದ,” ಎಂದು ಹೇಳತೊಡಗಿದಳು, ಅವನು ಕೆಳಗಿನಿಂದಲೇ ಮಾಡುತ್ತಿದ್ದ. ಅರ್ಧ ತಾಸಿಗೆ ಅವಳಿಗೆ ಬೇಸರವಾಗಿ ಎದ್ದುಹೋದಳು.

ಬಿಸಿಲು ಕಟ್ಟೆಯ ಅರ್ಧಕ್ಕೆ ಬರುವ ಹೊತ್ತಿಗೆ ಮುದ್ದೆ ಕರಗಿ ಒಂದು ಗೋಲಿಯಷ್ಟು ಉಳಿದಿತ್ತು. ಹೆಡಕಿಗೆ ಅಂಟಿಕೊಂಡಂತಿದ್ದ ಅದು ಯಾವುದಕ್ಕೂ ಬಗ್ಗಲಿಲ್ಲ. ಎಣ್ಣೆ ಹಾಕಿದ, ಕಾದ, ಉಗುರಿನಿಂದ ಕೆದಕಿದ. ಶಂಕ್ರೆವ್ವ ಮೊದಲ ಸಲ “ಆಯ್” ಎಂದಳು. ಅವನ ಕೈ ಸುಟ್ಟಂತೆ ಹಿಂದೆ ಬಂತು. “ಇದು ಬಿಡೂದಿಲ್ಲ,” ಎಂದ, ಸೋತ ದನಿಯಲ್ಲಿ. “ಇಷ್ಟ ಕತ್ತರಸಬೇಕು.”

“ಕತ್ತರಸ್ರಿ,” ಎಂದಳು ಅವಳು ತಕ್ಷಣ. “ಎಲ್ಲಾನೂ ಬಿಚ್ಚಬೇಕಂತ ಹಟಾ ಯಾಕ?”

ಅವನು ಒಳಗೆ ಹೋಗಿ ನೂಲಿನ ಚೂರುಗಳ ಕೆಳಗಿನಿಂದ ಕತ್ತರಿ ತಂದ. ಕಚ್ ಎಂದಿತು. ಗೋಲಿಯಂಥ ಆ ಗಂಟನ್ನು ಅಂಗೈಯಲ್ಲಿಟ್ಟು ಅವಳಿಗೆ ತೋರಿಸಿದ. ಅವಳು ಎಡಗೈಯಿಂದ ಅದನ್ನು ಹೊರಳಿಸಿ ನೋಡಿ, ಚರಂಡಿಗೆ ಒಗೆದಳು. ಹಣಿಗೆ ಈಗ ನೆತ್ತಿಯಿಂದ ತುದಿಯವರೆಗೆ ಒಮ್ಮೆಯೂ ನಿಲ್ಲದೆ ಇಳಿಯಿತು. ಎಣ್ಣೆ ಕುಡಿದ ಕೂದಲು ಕಪ್ಪಾಗಿ, ಭಾರವಾಗಿ, ಅಲ್ಲಲ್ಲಿ ಬಿಳಿ ಗೀರುಗಳೊಂದಿಗೆ ಅವನ ಮೊಣಕಾಲುಗಳ ಮೇಲೆಲ್ಲ ಹರಡಿಕೊಂಡಿತು. ಧೋತರದ ತುಂಬ ಕಲೆ. ಬಿಸಿಲಿಗೆ ವಾಸನೆ ಇನ್ನೂ ಮೇಲೆದ್ದಿತ್ತು: ಔಡಲ, ಗರಗದ ಹಸಿರು, ಸುಟ್ಟ ಕರಿಬೇವು. ಅದು ಬರೇ ಎಣ್ಣೆಯ ವಾಸನೆ ಎಂದು ಅವನಿಗೆ ಅನಿಸಲಿಲ್ಲ. ಹಾಗೆ ಎಂದೂ ಅನಿಸಲಾರದು. ಆದರೆ ಅದರ ಜೊತೆ ಕೂತಿರಬಹುದಾಗಿತ್ತು.

“ಆತು,” ಎಂದ. “ನೀರ ಕಾಸಲೇನು?”

“ಕುಂಡ್ರಿ. ಅವಸರ ಏನೈತಿ? ಎಣ್ಣಿ ಇಳೀಲಿ,” ಎಂದು ಅವಳು ಅವನ ಮೊಣಕಾಲಿಗೆ ತಲೆ ಆನಿಸಿ ಕಣ್ಣು ಮುಚ್ಚಿದಳು. ಅವಳ ಸಿಟ್ಟು ಪೂರ್ತಿ ಹೋಗಿತ್ತೆಂದು ಹೇಳಲಾಗದು. ನಾಳೆಯೋ ನಾಡಿದ್ದೋ ಹಿತ್ತಲಿನ ಮಳೆಯ ಮಾತು ಮತ್ತೊಮ್ಮೆ ಬಂದೀತು, ಬರಲಿ, ಎಂದುಕೊಂಡ. ಮಾಡಲು ಕೆಲಸವಿಲ್ಲದೆ ಅವನ ಕೈಗಳು ಅವಳ ಭುಜದ ಮೇಲೆ ಬಿದ್ದಿದ್ದವು. ನಳಕ್ಕೆ ಯಾರೋ ಬಂದರು, ಯಾರೋ ಹೋದರು. ಸ್ವಲ್ಪ ಹೊತ್ತಿನ ಮೇಲೆ ಅವನಿಗೆ ಓಣಿಯ ಮಗ್ಗಗಳ ಸದ್ದು ಕೇಳಿಸತೊಡಗಿತು. ಇಡೀ ಜೀವಮಾನ ಕುಣಿಯೊಳಗೆ ಕೂತು ತನ್ನ ಲಾಳಿಯ ಸದ್ದೊಂದನ್ನೇ ಕೇಳಿದ್ದವನಿಗೆ, ಓಣಿ ಹೊರಗಿನಿಂದ ಹೀಗೆ ಬಡಿದುಕೊಳ್ಳುತ್ತದೆ ಎಂದು ಗೊತ್ತಿರಲಿಲ್ಲ. ಒಂದು ಮನೆಯದು ಅವಸರದ್ದು, ಒಂದರದು ಕುಂಟುವಂಥದ್ದು, ಒಂದು ಎಲ್ಲೋ ಒಳಗಿನಿಂದ ಬರುವ ದಪ್ಪ ಸದ್ದು.

“ಯಾವುದು ಯಾರದಂತ ಹೆಂಗ ಗೊತ್ತಾಗಬೇಕು ಇದರಾಗ?” ಎಂದ.

“ಗೊತ್ತಾಗತೈತ್ರಿ,” ಎಂದಳು ಶಂಕ್ರೆವ್ವ, ಕಣ್ಣು ತೆರೆಯದೆ. “ನೀರಿಗೆ ನಿಂತಾಗ ದಿನಾ ಕೇಳತೀನಿ. ನಿಮ್ಮದಂತೂ ಇಷ್ಟರಾಗೂ ಗೊತ್ತಾಗತೈತಿ.”

“ಹೆಂಗ?”

“ನಡನಡುವ ನಿಂದರತೈತಿ,” ಎಂದಳು. “ಎಳಿ ಕಡದಿರೂದಿಲ್ಲ, ಏನಿಲ್ಲ, ಸುಮ್ಮನ ನಿಂದರತೈತಿ. ಕುಂತಾರ ಏನೋ ಮನಸಿಗೆ ಹಚ್ಚಿಕೊಂಡು ಅಂತ ತಿಳಕೋತೀನಿ. ಮತ್ತ ಶುರು ಆಗೂ ತನಕಾ ನಾ ಕೊಡಾ ಎತ್ತೂದಿಲ್ಲ.”